ಕೆಲಸದ ಅಕ್ಕೋರು

ಆಸ್ಪತ್ರೆಯವರು ಕೇಳಿದ್ದು ಹೊಗಳಿಕೆಯನ್ನು. ಮನೆಮನೆಗೆ ಬಂದು ರೋಗಿಗಳನ್ನು ನೋಡುತ್ತಿದ್ದ ಆಕೆ ನಿವೃತ್ತಳಾಗುತ್ತಾಳೆ, ಆಕೆಯ ಕೈಯಲ್ಲಿ ಸುಧಾರಿಸಿದವರೆಲ್ಲ ನಾಲ್ಕು ಮಾತು ಬರೆದುಕೊಟ್ಟರೆ ಸಣ್ಣದೊಂದು ಪುಸ್ತಿಕೆ ಮಾಡುತ್ತೇವೆ ಎಂದರು. ನಮ್ಮವರ ಬಲಗೈಗೆ ಪೆನ್ನು ಇನ್ನೂ ಅಷ್ಟಾಗಿ ಒಗ್ಗಿಲ್ಲ. "ನೀನ ಬರಿ. ಚಂದಂಗ ಬರಿ" ಎಂದು ಹಾಳೆ ತಂದು ನನ್ನ ಮುಂದಿಟ್ಟರು. ಬರೆದೆ. ಪುಸ್ತಿಕೆಯಲ್ಲಿ ಅಚ್ಚಾದದ್ದು ಇಷ್ಟೇ: ದೇವರಂಥವರು, ತಾಯಿಯಂಥವರು, ಮರೆಯಲಾರೆವು. ಉಳಿದದ್ದನ್ನು ಕತ್ತರಿಸಿದರು. ಕತ್ತರಿಸಿದ್ದರಲ್ಲಿ ತಪ್ಪಿಲ್ಲ, ಅದು ಹೊಗಳಿಕೆಯಾಗಿರಲಿಲ್ಲ. ಆ ಉಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚು. ಇತ್ತು ಅಲ್ಲ, ಇದೆ. ಊರೆಲ್ಲ ಆಕೆಯನ್ನು ಬಹುವಚನದಲ್ಲಿ ಕರೆಯುತ್ತದೆ. ಎದುರಿಗಿದ್ದಾಗ ನಾನೂ ಕರೆದಿದ್ದೇನೆ. ಈ ಬರಹದಲ್ಲಾದರೂ 'ಆಕೆ' ಅನ್ನುತ್ತೇನೆ, ಅಷ್ಟು ಹಕ್ಕು ನನಗಿದೆ.

ನಾವು ಬೆಟಗೇರಿಯ ನೇಕಾರರು. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಕಾಲಿನಿಂದ ತುಳಿಯುತ್ತ, ಬಲಗೈಯಲ್ಲಿ ಹಗ್ಗವನ್ನು ಝಟಕ್ಕನೆ ಝಾಡಿಸಿ ಲಾಳಿ ಓಡಿಸಬೇಕು. ಕುಣಿಗೆ ಇಳಿಯುವವರು ಗಂಡಸರು. ಲಾಳಿಯೊಳಗೆ ಕೂರುವ ಕಂಡಿಕೆಗೆ ರಾಟೆಯ ಮೇಲೆ ನೂಲು ಸುತ್ತಿಕೊಡುವವರು ಹೆಂಗಸರು. ಎಲ್ಲರ ಮನೆಯಲ್ಲಿ ಹೀಗಿಲ್ಲ, ನಮ್ಮ ಅತ್ತೆಯ ಮನೆಯಲ್ಲಿ ಹೀಗೆ. ಮದುವೆಯಾದ ಹೊಸದರಲ್ಲಿ ಒಂದು ದಿನ, ಇವರು ಊಟಕ್ಕೆ ಎದ್ದ ಹೊತ್ತಿನಲ್ಲಿ ನಾನು ಸುಮ್ಮನೆ ಕುಣಿಯಲ್ಲಿ ಕಾಲು ಬಿಟ್ಟು ಕುಳಿತೆ. ಅತ್ತೆ ಕಂಡವರೇ, "ಏಳ ಏಳ, ಹೆಣ್ಣಮಗಳು ಕುಣಿಗೆ ಇಳದ್ರ ಮಗ್ಗ ಮುನಿಸಿಕೊಂತೈತಿ" ಎಂದರು. ಇವರು ಕೈ ತೊಳೆಯುತ್ತ, "ಅದು ನಿನ್ನ ಕೆಲಸ ಅಲ್ಲ" ಎಂದರು. ಅಲ್ಲಿಂದ ಮುಂದೆ ನಾನು ರಾಟೆ ತಿರುಗಿಸುತ್ತ ಇವರ ಬೆನ್ನು ನೋಡುತ್ತ ಕುಳಿತೆ. ನಮ್ಮ ಸಂಸಾರದ ಹೆಚ್ಚಿನ ಮಾತುಕತೆ ಆ ಬೆನ್ನಿನ ಜೊತೆಗೇ ನಡೆದದ್ದು.

ಲಕ್ವಾ ಹೊಡೆದಾಗ ಇವರು ಮಗ್ಗದ ಮೇಲೆಯೇ ಇದ್ದರು. ಬಲಗೈ, ಬಲಗಾಲು ಎರಡೂ ಹೋದವು. ಗದಗಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ನಾಲಿಗೆ ತಿರುಗಿತು, ಗೋಡೆ ಹಿಡಿದು ನಡೆಯುವಷ್ಟು ಕಾಲು ಬಂತು. ಮನೆಗೆ ಕರೆತಂದ ಮೇಲೆ ನಾನು ಇವರ ಸೇವೆಗೆ ನಿಂತೆ. ಹಲ್ಲುಜ್ಜಿಸುವುದು, ಸ್ನಾನ, ಅಂಗಿಯ ಗುಂಡಿ, ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಡುವುದು, ಎಲ್ಲ ನನ್ನ ಕೈಯಲ್ಲೇ. ಖರೆ ಹೇಳಬೇಕೆಂದರೆ ಆ ದಿನಗಳಲ್ಲಿ ದುಃಖದ ಜೊತೆ ಒಂದು ಸುಖವೂ ಇತ್ತು. ಅಷ್ಟು ವರ್ಷ ಬೆನ್ನು ತೋರಿಸಿ ಕುಳಿತ ಮನುಷ್ಯ ಈಗ ನನ್ನ ಮುಖ ನೋಡಿ ಉಣ್ಣುತ್ತಿದ್ದರು.

ಅಷ್ಟರಲ್ಲಿ ಆಕೆ ಬಂದಳು.

ತೆಳ್ಳಗೆ, ಎತ್ತರ. ಕೈಗೆ ಗಂಡಸರ ಗಡಿಯಾರ, ಹೆಗಲಿಗೆ ಬಟ್ಟೆಯ ಚೀಲ. ಲಕ್ಷ್ಮೇಶ್ವರದಲ್ಲಿ ಗುಡಿಯ ಪೂಜೆ ನಡೆಸುವ ಮನೆತನದ ಮಗಳು, ದಿನಾ ಬಸ್ಸಿನಲ್ಲಿ ಗದಗಿಗೆ ಓಡಾಡುತ್ತಿದ್ದಳು. ಬಸ್ಸು ತಪ್ಪಿದ ದಿನ ತಡವಾಗಿ ಬಂದು, ತಡವಾದದ್ದು ನಮ್ಮಿಂದಲೇ ಎಂಬ ಮುಖ ಮಾಡುತ್ತಿದ್ದಳು. ಆಸ್ಪತ್ರೆಯಿಂದ ಬಂದವರು ಮೊದಲು ಕೈ ಹಿಡಿದು ನೋಡುತ್ತಾರೆ. ಆಕೆ ಕೈ ನೋಡಲಿಲ್ಲ. ಎದುರಿಗೆ ಕುಳಿತು, "ಮುಂಜಾನಿಂದ ಏನೇನ ಮಾಡೀರಿ, ಯಜಮಾನ್ರ?" ಎಂದಳು. ನಾನೇ ಮುಂದೆ ಬಂದು ಹೇಳಿದೆ: ಹಲ್ಲುಜ್ಜಿದ್ದು, ಸ್ನಾನ, ನಾಷ್ಟಾ, ಔಷಧ.

"ಇವೆಲ್ಲಾ ನೀವು ಮಾಡಿದ್ದಾತು. ಅವರು ಏನ ಮಾಡ್ಯಾರ?"

ನನಗೆ ಮೈಯೆಲ್ಲ ಉರಿಯಿತು. ಬಂದವರಿಗೆ ನೀರು ಕೊಡಬೇಕಲ್ಲ, ತಂಬಿಗೆ ತಂದೆ. ಆಕೆ ಮುಟ್ಟಲಿಲ್ಲ. "ನಾ ಯಜಮಾನ್ರ ಕೈಯಾಗಿನ ನೀರ ಕುಡೀತೀನಿ" ಎಂದಳು. ನನ್ನ ಗಂಡ ಎದ್ದರು. ಗೋಡೆ ಹಿಡಿದು ಅಡುಗೆಮನೆಗೆ ಹೋಗಿ, ಎಡಗೈಯಲ್ಲಿ ಲೋಟ ಹಿಡಿದು ಬಲಗೈ ಅದಕ್ಕೆ ಆನಿಸಿಕೊಂಡು, ಅರ್ಧ ಚೆಲ್ಲುತ್ತ ಬಂದರು. ಆಕೆ ಗಟಗಟ ಕುಡಿದು, "ಇನ್ನೊಂದು ಲೋಟ ಬೇಕಾಗಿತ್ತಲ್ರಿ" ಎಂದಳು. ಇವರು ಮತ್ತೆ ಹೋದರು! ನಾನು ಎಷ್ಟು ಸಲ ಕೈಮುಗಿದು ಕೇಳಿದರೂ ಮಂಚ ಬಿಟ್ಟು ಏಳದವರು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಚೆಲ್ಲಿದ ನೀರು ಒರೆಸಿದವಳು ಮಾತ್ರ ನಾನು.

ಆಕೆಯ ಕೆಲಸದ ಹೆಸರು ಆಕ್ಯುಪೇಶನಲ್ ಥೆರಪಿ. ಹಾಗೆಂದರೇನು ಎಂದು ಅತ್ತೆ ಕೇಳಿದರು.

"ಕೈ ಗುಣ ಮಾಡವರು ಬ್ಯಾರೆ ಅದಾರವ್ವಾ. ಆ ಕೈನ ತಿರುಗಿ ಅದರ ಕೆಲಸಕ್ಕ ಹಚ್ಚೋದು ನನ್ನ ಕೆಲಸ. ಪೂರಾ ಗುಣ ಆಗದಿದ್ರೂ ಹಚ್ಚೋದು."

"ಅಂದ್ರ ಕೆಲಸದ ಅಕ್ಕೋರು ಅನ್ರಿ" ಎಂದರು ಅತ್ತೆ. ಓಣಿಯಲ್ಲಿ ಅದೇ ಹೆಸರು ನಿಂತಿತು.

ಆಕೆಯ ಚೀಲದಲ್ಲಿ ಯಾವಾಗಲೂ ಶೇಂಗಾ ಇರುತ್ತಿತ್ತು. ಯಾರ ಮನೆಗೆ ಹೋದರೂ ಒಂದು ಹಿಡಿ ತೆಗೆದು ತಟ್ಟೆಗೆ ಸುರಿದು, "ಸುಲೀರಿ, ಹಸಿವಾಗೇತಿ" ಎನ್ನುತ್ತಿದ್ದಳು. ಬೆರಳಿಗೆ ಅದೇ ವ್ಯಾಯಾಮ. ಇವರು ಹಣೆಯಲ್ಲಿ ಬೆವರಿಳಿಸಿಕೊಂಡು ಒಂದೊಂದೇ ಸಿಪ್ಪೆ ಒಡೆಯುವುದು, ಆಕೆ ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುವುದು. ರೋಗಿಯ ಕೈಯಿಂದ ಶೇಂಗಾ ಸುಲಿಸಿಕೊಂಡು ತಿನ್ನುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಮ್ಮೆ ನಾನೂ ತಟ್ಟೆಗೆ ಕೈ ಹಾಕಿದೆ. ಇವರು, "ಅವು ಅಕ್ಕೋರಿಗೆ" ಎಂದರು. ನನ್ನ ಗಂಡ ಸುಲಿದ ಶೇಂಗಾದಲ್ಲಿ ನನಗೆ ಪಾಲಿಲ್ಲ!

ಆಕೆಯ ಬಗ್ಗೆ ಮಂದಿ ಹೇಳುವ ಕತೆಗಳು ಬೇಕಾದಷ್ಟಿವೆ. ಮುಂಡರಗಿಯ ಬಸ್ ಕಂಡಕ್ಟರನೊಬ್ಬನ ಬಲಗೈ ಬೆರಳು ಬಾಗಿಲಿಗೆ ಸಿಕ್ಕು ಜಜ್ಜಿಹೋಗಿದ್ದವು. ಗಾಯ ಮಾಯ್ದರೂ ಅವನು ಕೆಲಸಕ್ಕೆ ಹೋಗಲು ಹೆದರುತ್ತಿದ್ದ. ಆಕೆ ಮೇಲಿನವರನ್ನು ಕಾಡಿ ಒಪ್ಪಿಗೆ ತಂದು, ತಾನೂ ಬಸ್ಸು ಹತ್ತಿ, ಗದಗಿನಿಂದ ಮುಂಡರಗಿಯವರೆಗೆ ಅವನ ಹಿಂದೆಯೇ ನಿಂತಳಂತೆ. ಅವನು ಎಡಗೈಯಲ್ಲಿ ಟಿಕೆಟ್ ಮಷೀನು ಒತ್ತಬೇಕು. ತಡವಾಯಿತೆಂದು ಒಬ್ಬ ಪ್ರಯಾಣಿಕ ಗೊಣಗಿದಾಗ, "ನಿಮ್ಮ ಊರು ಎಲ್ಲೂ ಓಡಿ ಹೋಗಂಗಿಲ್ಲ, ಕುಂಡ್ರಿ" ಎಂದು ಗದರಿದಳಂತೆ. ಇವರು ಈ ಕತೆಯನ್ನು ಬಂದವರಿಗೆಲ್ಲ ಹೇಳುತ್ತಾರೆ, ತಾವೇ ಆ ಬಸ್ಸಿನಲ್ಲಿದ್ದವರ ಹಾಗೆ.

ಇನ್ನು ನನ್ನ ಹೊಟ್ಟೆಯಲ್ಲಿ ನಿಜವಾಗಿ ಕಿಚ್ಚು ಹೊತ್ತಿಸಿದ ದಿನಕ್ಕೆ ಬರುತ್ತೇನೆ. ಇವರ ಕೆಲಸ ಏನೆಂದು ತಿಳಿಯದೆ ಇವರನ್ನು ಕೆಲಸಕ್ಕೆ ಹಚ್ಚುವುದು ಹೇಗೆ ಎಂದು ಆಕೆ ಮಗ್ಗದ ಮನೆಗೆ ಬಂದಳು. ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೀರೆ ಹಾಗೇ ಇತ್ತು. ಸುತ್ತ ನೋಡಿದಳು. ಚಪ್ಪಲಿ ಬಿಟ್ಟಳು, ಸೆರಗು ಸಿಕ್ಕಿಸಿದಳು, ಕುಣಿಗೆ ಇಳಿದು ಕುಳಿತೇಬಿಟ್ಟಳು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಬಾಯಿ ಬಿಡಲಿಲ್ಲ. ಗುಡಿ ಪೂಜಾರರ ಮನೆಯ ಮಗಳು, ಅಕ್ಕೋರು. ಆಕೆ ಇಳಿದರೆ ಮಗ್ಗ ಮುನಿಯುವುದಿಲ್ಲವೇನೋ. ಇವರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು ಕಲಿಸತೊಡಗಿದರು. "ಹಂಗಲ್ರಿ, ಹಗ್ಗ ಜಗ್ಗಬ್ಯಾಡ್ರಿ, ಝಾಡಸ್ರಿ. ಹಾಂ, ಈಗ ಬಂತ ನೋಡ್ರಿ!" ಲಕ್ವಾ ಹೊಡೆದ ಮೇಲೆ ನಾನು ಕೇಳಿದ ಅತಿ ಉದ್ದನೆಯ ಮಾತು ಅದು. ಕಣ್ಣು ಹೊಳೆಯುತ್ತಿದ್ದವು. ನಾನು ರಾಟೆಯ ಮುಂದೆ ಕುಳಿತು ಆಕೆಗೆ ಕಂಡಿಕೆ ಸುತ್ತಿಕೊಡುತ್ತಿದ್ದೆ.

ಮೂರನೆಯ ಸಲ ಬಂದಾಗ ಲಾಳಿ ಆಕೆಯ ಮಾತು ಕೇಳತೊಡಗಿತ್ತು. ನನಗೆ ಅಳು ಬಂತು. ಹಿತ್ತಲಿಗೆ ಹೋಗಿ ಬಾವಿಗಟ್ಟೆಯ ಮೇಲೆ ಕುಳಿತು ಕಣ್ಣೀರಿಟ್ಟೆ. ಗಂಡನ ಕೈ ಬರಲಿ ಎಂದು ಹರಕೆ ಹೊತ್ತವಳು, ಆಕೆಯ ಕೈಗೆ ಏನಾದರೂ ಆಗಲಿ ಎಂದುಕೊಂಡೆ. ಅಂದುಕೊಂಡಿದ್ದನ್ನು ಇಲ್ಲ ಎನ್ನಲಾರೆ.

ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳ ಹಾಸನ್ನು ನಮಗೆ ಕೊಡುವವರು ಸಾಹುಕಾರರು, ಅಂದರೆ ನೂಲು ಅವರದು, ನೇಯ್ಗೆ ನಮ್ಮದು. ಇವರು ಮಲಗಿದಾಗಿನಿಂದ ನಮ್ಮ ಮನೆಗೆ ಹೊಸ ಹಾಸು ಬಂದಿರಲಿಲ್ಲ. ಅದು ಬೇರೆ ಮನೆಗೆ ಖಾಯಮ್ಮಾಗಿ ಹೋದರೆ ನಮ್ಮ ಮಗ್ಗ ಕಟ್ಟಿಗೆಯ ರಾಶಿ. ಇವರು ಮಗ್ಗವಿಲ್ಲದೆ ಏನು ಎಂಬುದು ನನಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ. ಆಕೆ ಇದನ್ನು ತಿಳಿದುಕೊಂಡು ಒಂದು ಉಪಾಯ ಮಾಡಿದಳು. ಹಳೆಯ ಹಾಸಿನ ತುಂಡನ್ನು ಪಡಸಾಲೆಯಲ್ಲಿ ಎಳೆದು ಕಟ್ಟಿ, ಅಲ್ಲಲ್ಲಿ ಎಳೆ ಕತ್ತರಿಸಿದಳು. "ನಾ ಮುಂದಿನ ಸಲ ಬರೂದ್ರಾಗ ಇವಿಷ್ಟು ಎಳಿ ಗಂಟ ಹಾಕಿರ್ರಿ ಯಜಮಾನ್ರ. ಬೆರಳು ಬಂತಂದ್ರ ಸಾಹುಕಾರ್ರನ್ನ ನಾನ ಕರಕೊಂಡ ಬರ್ತೀನಿ" ಎಂದು ಹೋದಳು.

ಆಕೆ ಎಷ್ಟೇ ಕಲಿತಿರಲಿ, ನೇಕಾರರ ಮನೆಯ ಹೆಂಗಸರನ್ನು ಮಾತ್ರ ಅರಿತಿರಲಿಲ್ಲ. ಹರಿದ ಎಳೆ ಕಂಡು ಸುಮ್ಮನೆ ದಾಟಿ ಹೋಗುವ ಹೆಂಗಸು ನಮ್ಮ ಓಣಿಯಲ್ಲಿ ಹುಟ್ಟಿಲ್ಲ. ಕಸ ಗುಡಿಸುತ್ತ ಒಂದು ಗಂಟು ಹಾಕಿದೆ, ಚಹಾ ಒಯ್ಯುತ್ತ ಇನ್ನೊಂದು. ಬೇಕೆಂದು ಮಾಡಿದ್ದಲ್ಲ, ಬೆರಳು ತಾನಾಗಿ ಹೋಗುತ್ತದೆ. ನಾಲ್ಕು ದಿನದಲ್ಲಿ ಹಾಸು ಸರಿಯಾಗಿ ನಿಂತಿತು. ಆಕೆ ಬಂದು ನೋಡಿ ಹಿಗ್ಗಿದಳು. "ಶಾಭಾಸ್ ಯಜಮಾನ್ರ!" ಎಂದು ಇವರ ಭುಜ ತಟ್ಟಿದಳು. ಇವರು ನನ್ನತ್ತ ನೋಡಿದರು, ನೆಲ ನೋಡಿದರು, ಮುಗುಳ್ನಕ್ಕರು. ನಾನು ಹಾಕಿದ ಗಂಟಿಗೆ ಸಿಕ್ಕ ಶಾಭಾಸ್ಗಿರಿಯನ್ನು ಇವರು ಸದ್ದಿಲ್ಲದೆ ತಿಂದರು.

ಸಾಹುಕಾರರು ಬಂದರು. ಆಕೆ ಅವರೆದುರಿಗೆ ಒಂದು ಎಳೆ ಕತ್ತರಿಸಿ, "ಹಾಕ್ರಿ" ಎಂದಳು. ಇವರ ಹೆಬ್ಬೆರಳು, ತೋರುಬೆರಳು ಎಳೆಯ ಸುತ್ತ ನಡುಗುತ್ತ ತಿರುಗಿದವು. ಎಳೆ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಬೆವರು ಹಾಸಿನ ಮೇಲೆ ಬಿತ್ತು. ಸಾಹುಕಾರರು ಒಳ್ಳೆಯವರು, ಹೆಚ್ಚು ಹೊತ್ತು ನೋಡಲಿಲ್ಲ. "ಇರ್ಲಿ ಬಿಡ್ರಿ, ಮುಂದ ನೋಡೂಣು" ಎಂದು ಎದ್ದರು.

ಅವರು ಹೋದ ಮೇಲೆ ಇವರು ಹಳೆಯ ಗಂಟುಗಳ ಮೇಲೆ ಬೆರಳಾಡಿಸಿ, "ಇವು ನನ್ನ ಗಂಟಲ್ಲರಿ ಅಕ್ಕೋರ. ನಮ್ಮಾಕಿ ಗಂಟು. ಆಕಿ ತುದಿ ಗಿಡ್ಡ ಬಿಡ್ತಾಳ" ಎಂದರು.

ನನ್ನ ಗಂಟಿನ ತುದಿ ಗಿಡ್ಡ ಎಂಬುದು ಇವರಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ಹಿಗ್ಗಬೇಕು ಎನ್ನುವಷ್ಟರಲ್ಲಿ ಆಕೆ ಸಿಡಿದಳು. "ಗಂಡ ಹೆಂಡ್ತಿ ಕೂಡಿ ನನ್ನ ಮಂಗ್ಯಾ ಮಾಡೀರಿ. ಗಂಟ ನಿಮ್ಮದಾತು, ಅವರ ಕೈ ಇದ್ದಲ್ಲೇ ಉಳೀತು. ನಾಳೆ ನೀವು ಜ್ವರ ಬಂದು ಮಲಕೊಂಡ್ರ ಅವರಿಗೆ ಅನ್ನ ಯಾರು ಉಣಸ್ತಾರ?" ಎಂದು ಚೀಲ ಎತ್ತಿಕೊಂಡು ಹೊರಟಳು. ಚಹಾ ಆರಿತು. ಆಕೆಗೆ ಸಿಟ್ಟು ಬಂದರೆ ಇಳಿಯುವುದು ತಡ, ಹಟಮಾರಿ ಹೆಂಗಸು. ಒಂದು ವಾರ ಬರಲಿಲ್ಲ, ಮತ್ತೊಂದು ವಾರವೂ ಬರಲಿಲ್ಲ.

ಇವರು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡರು. ಲಕ್ಷ್ಮೇಶ್ವರದ ಬಸ್ಸು ಬರುವ ಹೊತ್ತು ಇವರಿಗೆ ಬಾಯಿಪಾಠವಾಗಿತ್ತು. ಊಟ ಮುಂದಿಟ್ಟರೆ, "ಈಗ ಬ್ಯಾಡ" ಎನ್ನುವರು. ನನ್ನ ಗಂಡ ಇನ್ನೊಬ್ಬಳ ದಾರಿ ಕಾಯುವುದನ್ನು ನೋಡುತ್ತ ನಾನು ಒಲೆಯ ಮುಂದೆ ಕುಳಿತೆ. ಕೊನೆಗೆ ತಡೆಯಲಾಗದೆ ಸೀರೆ ಬದಲಿಸಿ ಆಸ್ಪತ್ರೆಗೆ ಹೋದೆ. ಸವತಿಯನ್ನು ಕರೆತರಲು ಹೋಗುವ ಹೆಂಡತಿ ನಾನೊಬ್ಬಳೇ ಇರಬೇಕು.

ಆಕೆ ತನ್ನ ಕೋಣೆಯಲ್ಲಿ ಶಿರಹಟ್ಟಿಯ ಅಡುಗೆಯವರೊಬ್ಬರಿಗೆ, ಬೆನ್ನು ಬಾಗಿಸದೆ ಪಾತ್ರೆ ಎತ್ತುವುದನ್ನು ಕಲಿಸುತ್ತಿದ್ದಳು. ನನ್ನನ್ನು ಕಂಡರೂ ಕಾಣದವಳಂತೆ ಇದ್ದಳು. ನಾನೇ ಬಾಯಿ ಬಿಟ್ಟೆ.

"ಬರ್ರಿ ಅಕ್ಕೋರ. ಅವರು ನಿಮ್ಮ ದಾರಿ ಕಾಯಾಕತ್ತಾರ."

"ನೀವು?"

"ನಾ ಏನ ಕಾಯಂಗಿಲ್ಲ."

ಆಕೆ ಜೋರಾಗಿ ನಕ್ಕಳು. "ಹಂಗಾರ ಬರ್ತೀನಿ. ಖರೆ ಹೇಳೋರ ಮನಿಗೆ ಹೋಗಾಕ ನನಗೇನ ಅಡ್ಡಿ ಇಲ್ಲ."

ಬಂದಳು. ಆದರೆ ಈ ಸಲ ಶೇಂಗಾ ತೆಗೆಯಲಿಲ್ಲ. ಇವರನ್ನೂ ಅತ್ತೆಯನ್ನೂ ನನ್ನನ್ನೂ ಮಗ್ಗದ ಮನೆಯಲ್ಲಿ ಕೂರಿಸಿಕೊಂಡು ನೇರವಾಗಿ ಹೇಳಿದಳು. "ಯಜಮಾನ್ರ, ಕೈ ಇನ್ನಷ್ಟು ಬರ್ತೈತಿ. ಗಂಟ ಹಾಕೂವಷ್ಟು ಬರ್ತೈತಿ. ಕಾಲು ಮಾತ್ರ ಮಗ್ಗ ತುಳಿಯೋ ಅಷ್ಟು ಬರಂಗಿಲ್ಲ. ಸುಳ್ಳು ಹೇಳಾಕ ನನ್ನ ಕೈಲೆ ಆಗಂಗಿಲ್ಲ. ನಿಮ್ಮ ಕಣ್ಣು ಐತಿ, ನಿಮ್ಮ ಹಿಕಮತ್ತು ಐತಿ. ಕಾಲು ಬ್ಯಾರೆಯವರದು ಬೇಕು." ಹೀಗೆಂದು ನನ್ನ ಕಡೆ ನೋಡಿದಳು.

ಇವರ ಮುಖ ಆಗ ಹೇಗಿತ್ತು ಎಂದು ಬರೆಯಲಾರೆ. ಅತ್ತೆ ಮಾತ್ರ, "ಮಗ್ಗ ಮುನಿಸಿಕೊಂತೈತಿ" ಎಂದು ಶುರು ಮಾಡಿದರು.

"ನಾ ಕುಂತಾಗ ಮುನಿಸಿಕೊಳ್ಳಲಿಲ್ಲಲ್ಲವ್ವಾ?"

"ನೀವು ಗುಡಿ ಪೂಜಾರ ಮನಿಯವರು."

"ನನ್ನ ಕಾಲು ಗುಡಿಯಾಗ ಬೆಳದಿಲ್ಲ. ಲಕ್ಷ್ಮೇಶ್ವರ ಬಸ್ಸಿನಾಗ ನಿಂತ ನಿಂತ ಬೆಳದಾವು."

ಇವರು ಕುಣಿಯ ಕಡೆ ನೋಡಿದರು. ಆಮೇಲೆ ಎಡಗೈ ಚಾಚಿ, ನನ್ನ ರಾಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಇಳಿ" ಎಂದರು ನನಗೆ.

ಇಳಿದೆ. ಅಷ್ಟು ವರ್ಷ ಒಳಗೊಳಗೇ ಬಯಸಿದ್ದು ಸಿಕ್ಕಿತು, ಆದರೆ ಅದೂ ಆಕೆಯ ಕೈಯಿಂದ ಸಿಗಬೇಕೇ? ಇವರು ಕಲಿಸಿದರು. ಕಲಿಸುವಾಗೆಲ್ಲ ಒಂದೇ ಹಾಡು: "ಅಕ್ಕೋರು ಎರಡ ದಿನಕ್ಕ ಹಿಡದಿದ್ರು ಇದನ್ನ." "ಅಕ್ಕೋರ ಹಂಗ ಝಾಡಸು." ಆ ಸಿಟ್ಟಿಗೇ ನಾನು ತುಳಿದೆ. ಲಾಳಿಯನ್ನು ಆಕೆಯ ಮುಖಕ್ಕೆ ಹೊಡೆಯುವವಳಂತೆ ಓಡಿಸಿದೆ. ಅರ್ಧಕ್ಕೆ ನಿಂತ ಸೀರೆ ಮುಗಿಯಿತು. ಸಾಹುಕಾರರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮರುವಾರ ಹೊಸ ಹಾಸು ಕಳಿಸಿದರು. ಇವರು ಎಡಗೈಯಲ್ಲಿ ರಾಟೆ ತಿರುಗಿಸಿ, ಬಲಗೈಯಲ್ಲಿ ಎಳೆ ಹಿಡಿದು ಕಂಡಿಕೆ ಸುತ್ತುತ್ತಾರೆ. ಎಳೆ ಹರಿದರೆ ನಾನು ಕೈ ಕಟ್ಟಿಕೊಂಡು ಕೂರುತ್ತೇನೆ, ಗಂಟು ಅವರೇ ಹಾಕಬೇಕು. ತುದಿ ಉದ್ದ ಬಿಡುತ್ತಾರೆ. ಸುಮ್ಮನಿರುವುದನ್ನು ಕಲಿಯಲು ನನಗೆ ತುಳಿಯುವುದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಆಕೆಯ ನಿವೃತ್ತಿಯ ಸುದ್ದಿ ಬಂದಾಗ ಇವರು, "ಅಕ್ಕೋರಿಗೆ ಒಂದು ಸೀರಿ ನೇಯೂಣು" ಎಂದರು. ನಮ್ಮಲ್ಲಿ ನೇಯ್ದದ್ದೆಲ್ಲ ಸಾಹುಕಾರರಿಗೆ ಹೋಗುತ್ತದೆ, ನೇಕಾರರ ಹೆಂಡತಿ ಉಡುವುದು ಮಿಲ್ಲಿನ ಸೀರೆ. ಮದುವೆಯಾದಾಗಿನಿಂದ ಇವರು ನನಗೆಂದು ಒಂದು ಸೀರೆ ನೇಯ್ದವರಲ್ಲ. ಆಕೆಗಾಗಿ ಬಣ್ಣ ಆರಿಸಲು ಮೂರು ಸಲ ಅಂಗಡಿಗೆ ಹೋದರು. ಆಕೆಗೆ ಯಾವ ಅಂಚು ಒಪ್ಪುತ್ತದೆ ಎಂದು ನನ್ನನ್ನೇ ಕೇಳಿದರು. ನೇಯ್ದವಳೂ ನಾನೇ. ಒಂದು ಎಳೆ ತಪ್ಪಿಸಿಬಿಡಲೇ ಎಂದು ಅನ್ನಿಸಿತ್ತು, ಆದರೆ ಕಾಲು ಒಪ್ಪಲಿಲ್ಲ. ನಾನು ನೇಯ್ದವುಗಳಲ್ಲಿ ಅದಕ್ಕಿಂತ ಚಲೋ ಸೀರೆ ಇನ್ನೊಂದಿಲ್ಲ.

ಬೀಳ್ಕೊಡುಗೆಯ ದಿನ ಆಸ್ಪತ್ರೆಯ ಅಂಗಳ ತುಂಬಿತ್ತು. ಮುಂಡರಗಿಯ ಕಂಡಕ್ಟರ್ ಯೂನಿಫಾರ್ಮಿನಲ್ಲೇ ಬಂದಿದ್ದ. ಉಪ್ಪಿಟ್ಟು ಮಾಡಿದವರು ಶಿರಹಟ್ಟಿಯ ಆ ಅಡುಗೆಯವರೇ. ಎಲ್ಲರೂ ಆಕೆಯನ್ನು ಸುತ್ತುವರಿದು "ನಮ್ಮ ಅಕ್ಕೋರು, ನಮ್ಮ ಅಕ್ಕೋರು" ಎನ್ನುತ್ತಿದ್ದರು. ನನಗೆ ಮತ್ತೆ ಹೊಟ್ಟೆ ಉರಿಯಿತು. ಈ ಸಲದ ಉರಿ ಆಕೆಯ ಮೇಲಲ್ಲ, ಅವರೆಲ್ಲರ ಮೇಲೆ. ಅವರಿಗೆಲ್ಲ ಆಕೆ ಯಾಕೆ ಬೇಕು? ನಮ್ಮ ಮನೆಯ ಕುಣಿಗೆ ಇಳಿದವಳು, ನಮ್ಮ ಮನೆಯಲ್ಲಿ ಸಿಟ್ಟು ಮಾಡಿದವಳು. ಹೀಗೆ ಯೋಚಿಸುತ್ತಿದ್ದೇನೆಂದು ಅರಿವಾಗಿ ನನಗೇ ಗಾಬರಿಯಾಯಿತು.

ಇವರು ಸೀರೆ ಕೊಟ್ಟರು. ಆಕೆ ಅಲ್ಲೇ ಬಿಚ್ಚಿ, ತೊಡೆಯ ಮೇಲೆ ಹರವಿಕೊಂಡು ಅಂಚಿನುದ್ದಕ್ಕೂ ಬೆರಳಾಡಿಸಿದಳು. ಇವರು ಗಂಟಲು ಸರಿಮಾಡಿಕೊಂಡು, ಬಣ್ಣ ಆರಿಸಿದ ಕತೆ ಹೇಳಲು ಬಾಯಿ ತೆರೆದರು. ಆಕೆ ಅತ್ತ ನೋಡಲೇ ಇಲ್ಲ. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಕುಣಿಯಲ್ಲಿ ಕಾಲು ತಣ್ಣಗಾಗುತ್ತವೆಯೇ, ಸೊಂಟ ನೋಯುತ್ತದೆಯೇ ಎಂದು ವಿಚಾರಿಸಿದಳು. ಆಮೇಲೆ ನನ್ನ ಕಿವಿಗೆ ಬಾಯಿ ಇಟ್ಟು ಏನೋ ಹೇಳಿದಳು. ನಾನು ನಕ್ಕೆ. ಆಕೆಯೂ ನಕ್ಕಳು. ಇವರು ಉಪ್ಪಿಟ್ಟಿನ ತಟ್ಟೆ ಹಿಡಿದು ಎದುರಿಗೇ ನಿಂತಿದ್ದರು.

ಆಟೋದಲ್ಲಿ ಬೆಟಗೇರಿ ಬರುವವರೆಗೂ ಇವರು ಹೊರಗೆ ನೋಡುತ್ತ ಕುಳಿತರು. ಮನೆಯ ಮುಂದೆ ಇಳಿಯುವಾಗ, "ಕಲಿಸಿದವ ನಾನು. ನನ್ನ ಹೆಸರ ಎತ್ತಲಿಲ್ಲ ನೋಡು" ಎಂದರು. ಆ ದನಿ ನನಗೆ ಚೆನ್ನಾಗಿ ಗೊತ್ತು. ನನ್ನೊಳಗೆ ಎಷ್ಟೋ ದಿನ ಬಾಡಿಗೆಯಿಲ್ಲದೆ ಇದ್ದ ದನಿ ಅದು.

ಅಂದಿನಿಂದ ಇವರು ಬಿಟ್ಟು ಬಿಟ್ಟು ಕೇಳುತ್ತಲೇ ಇದ್ದಾರೆ. ಇವತ್ತೂ ಕಂಡಿಕೆ ಸುತ್ತುತ್ತ, ಎಳೆ ನೋಡುವ ನೆಪದಲ್ಲಿ ತಲೆ ತಗ್ಗಿಸಿಕೊಂಡು ಕೇಳಿದರು: "ಅಲ್ಲಾ, ಅವತ್ತ ಅಕ್ಕೋರು ನಿನ್ನ ಕಿವ್ಯಾಗ ಏನಂದ್ರು?"

ಆಕೆ ಅಂದದ್ದು ಇಷ್ಟೇ: "ಉಪ್ಪಿಟ್ಟಿಗೆ ಉಪ್ಪು ಭಾಳ ಬಿದ್ದೈತಿ, ನೀ ತಿನ್ನಬ್ಯಾಡ ತಂಗಿ."

ಹೇಳಬಹುದಿತ್ತು. ಹೇಳಲಿಲ್ಲ, ಹೇಳುವುದೂ ಇಲ್ಲ. ಇವರಿಗೆ ಆಕೆ ಕೈ ಕೊಟ್ಟಳು, ಕೆಲಸ ಕೊಟ್ಟಳು, ಬಂದವರ ಮುಂದೆ ಹೇಳಿಕೊಳ್ಳಲು ಕತೆ ಕೊಟ್ಟಳು. ಯಾರಿಗೂ ಕೇಳಿಸದ ಹಾಗೆ, ನನಗೊಬ್ಬಳಿಗೇ ಎಂದು ಕೊಟ್ಟದ್ದು ಆ ಮಾತೊಂದೇ. ಅದನ್ನೂ ಇವರ ಜೊತೆ ಹಂಚಿಕೊಳ್ಳಲೇ?